ಜರ್ಮನಿಯ ಸರ್ವರ್, ಮಲೆನಾಡಿನ ಮಳೆ

ನಮ್ಮ ಗೆಳೆಯರ ಗುಂಪಿಗೆ ಒಂದು ಆಸ್ತಿಯಿದೆ. ಸುತ್ತಲಿನ ಹಳ್ಳಿಗಳ ಅಜ್ಜಿಯಂದಿರು ಹಾಡಿದ ನಾಟಿ ಹಾಡು, ಸೋಬಾನೆ ಪದ, ಹಳೆಯ ಭತ್ತದ ತಳಿಗಳ ಬಗ್ಗೆ ಅಜ್ಜಂದಿರು ಆಡಿದ ಮಾತು, ಎಲ್ಲವೂ ಧ್ವನಿಮುದ್ರಣ. ಹಾಡಿದವರಲ್ಲಿ ಹಲವರು ಈಗ ಇಲ್ಲ. ಈ ಆಸ್ತಿ ಇರುವುದು ನಮ್ಮೂರಿನಲ್ಲಲ್ಲ. ಜರ್ಮನಿಯಲ್ಲಿ ನಾವು ತಿಂಗಳ ಬಾಡಿಗೆಗೆ ಪಡೆದ ಒಂದು ಸರ್ವರ್‌ನಲ್ಲಿ.

ಸರ್ವರ್ ಅಂದರೆ ಗಾಬರಿ ಬೇಡ. ಹಗಲು ರಾತ್ರಿ ಓಡುತ್ತಲೇ ಇರುವ, ಪರದೆ, ಕೀಬೋರ್ಡ್ ಇಲ್ಲದ ಕಂಪ್ಯೂಟರ್ ಅಷ್ಟೇ. ನಿಮ್ಮ ಮೊಬೈಲಿಗೆ ಆಂಡ್ರಾಯ್ಡ್ ಇದ್ದ ಹಾಗೆ ಅದಕ್ಕೂ ಒಂದು ಆಪರೇಟಿಂಗ್ ಸಿಸ್ಟಂ ಬೇಕು. ನಮ್ಮದರಲ್ಲಿ ಇದ್ದದ್ದು ಸೆಂಟ್‌ಓಎಸ್ 7. 2014ರಲ್ಲಿ ಬಂದ ಅದರ ಆಯುಷ್ಯ 2024ರ ಜೂನ್ 30ಕ್ಕೆ ಮುಗಿಯಿತು. ಅಂದರೆ ಅದರಲ್ಲಿ ಕಳ್ಳರು ನುಗ್ಗುವ ಕಂಡಿ ಸಿಕ್ಕರೆ ಮುಚ್ಚಿಕೊಡುವವರು ಇನ್ನಿಲ್ಲ. ಎಲ್ಲವನ್ನೂ ತೆಗೆದು ಡೆಬಿಯನ್ 12 ಹಾಕುವುದೆಂದು ತೀರ್ಮಾನಿಸಿದೆವು.

"ಅಷ್ಟು ದೂರದ್ದಕ್ಕೆ ನೀನು ಇಲ್ಲಿ ಕೂತು ಎಂಥ ಮಾಡ್ತೀಯ? ಅಲ್ಲಿಗೇ ಹೋಗ್ಬೇಕಲ್ವಾ?" ಎಂದು ಅಮ್ಮ ಕೇಳಿದಳು. ಸರಿಯಾದ ಪ್ರಶ್ನೆಯೇ. ಓಡುತ್ತಿರುವ ಸಿಸ್ಟಂನೊಳಗೆ ಕೂತು ಅದನ್ನೇ ಅಳಿಸುವುದೆಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಅದಕ್ಕೆ ಒಂದು ಉಪಾಯವಿದೆ: ರೆಸ್ಕ್ಯೂ ಮೋಡ್. ಬಾಡಿಗೆ ಕೊಟ್ಟವರ ಪುಟದಲ್ಲಿ ಒಂದು ಗುಂಡಿ ಒತ್ತಿ ಯಂತ್ರವನ್ನು ಮರುಚಾಲನೆ ಮಾಡಿದರೆ, ಅದು ತನ್ನ ಡಿಸ್ಕಿನಿಂದ ಏಳುವುದಿಲ್ಲ. ಅಲ್ಲಿನ ನೆಟ್‌ವರ್ಕ್‌ನಿಂದ ಒಂದು ಪುಟ್ಟ ಲಿನಕ್ಸ್ ತರಿಸಿಕೊಂಡು RAM ಒಳಗೆ ಓಡುತ್ತದೆ. ಆಗ ಡಿಸ್ಕ್ ಪೂರ್ತಿ ಖಾಲಿ ಕೂತಿರುತ್ತದೆ, ನಾವು ಏನು ಬೇಕಾದರೂ ಮಾಡಬಹುದು. ಮನೆಯ ಹೆಂಚು ಇಳಿಸುವಾಗ ಪಕ್ಕದ ಮನೆಯ ಜಗಲಿಯಲ್ಲಿ ಅಡುಗೆ ಮಾಡಿಕೊಂಡ ಹಾಗೆ.

ಮೊದಲ ಕೆಲಸ ಪ್ರತಿ ತೆಗೆಯುವುದು. ಧ್ವನಿಮುದ್ರಣಗಳನ್ನೆಲ್ಲ ಮನೆಯ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಲು ನಾಲ್ಕು ರಾತ್ರಿ ಹಿಡಿಯಿತು. ಇಳಿಸಿದರೆ ಸಾಲದು, ಅಲ್ಲಿದ್ದದ್ದೇ ಇಲ್ಲಿ ಬಂದಿದೆಯೇ ಎಂದು ತಾಳೆ ನೋಡಬೇಕು. ಪ್ರತಿ ಫೈಲಿಗೂ ಲೆಕ್ಕ ಹಾಕಿದರೆ ಒಂದು ಉದ್ದದ ಸಂಖ್ಯೆ ಬರುತ್ತದೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಆ ಸಂಖ್ಯೆ ಬೇರೆಯೇ ಆಗುತ್ತದೆ. ಎರಡೂ ಕಡೆಯ ಪಟ್ಟಿ ಒಂದೇ ಎಂದು ಗೊತ್ತಾದ ಮೇಲೂ ಹತ್ತಾರು ಹಾಡು ತೆರೆದು ಕಿವಿಯಿಂದ ಕೇಳಿದೆ.

ಎರಡನೆಯ ರಕ್ಷಣೆ ಯಂತ್ರದೊಳಗೇ ಇತ್ತು. ಅದರಲ್ಲಿ ಎರಡು ಡಿಸ್ಕ್, ಒಂದು ಇನ್ನೊಂದರ ಕನ್ನಡಿ. ಬೆಂಗಳೂರಿನಲ್ಲಿರುವ ನನ್ನ ಸಹಪಾಠಿ ಫೋನಿನಲ್ಲಿ ಹೇಳಿದ: "ಒಂದನ್ನು ಮಾತ್ರ ಅಳಿಸು ಮಾರಾಯ. ಇನ್ನೊಂದನ್ನು ಮುಟ್ಟಲೇ ಬೇಡ."

2012ರ ಆಗಸ್ಟ್‌ನಲ್ಲಿ ಮಂಗಳನ ಮೇಲೆ ಇಳಿದ ನಾಸಾದ ಕ್ಯೂರಿಯಾಸಿಟಿ ರೋವರಿಗೂ ಇಳಿದ ಕೆಲವೇ ದಿನಗಳಲ್ಲಿ ಭೂಮಿಯಿಂದಲೇ ತಂತ್ರಾಂಶ ಬದಲಿಸಿದರು. ಹಾರಲು, ಇಳಿಯಲು ಬೇಕಾದದ್ದನ್ನು ಬಿಟ್ಟು ನೆಲದ ಮೇಲೆ ಓಡಾಡಲು ಬೇಕಾದದ್ದಕ್ಕೆ. ಅದರಲ್ಲೂ ಎರಡು ಕಂಪ್ಯೂಟರ್‌ಗಳಿದ್ದವು, ಕೆಲಸ ನಾಲ್ಕು ದಿನ ನಡೆಯಿತು. ಮಂಗಳಕ್ಕಾಗಲಿ ಜರ್ಮನಿಗಾಗಲಿ, ಕೈಗೆ ಎಟುಕದ ಯಂತ್ರದ ವಿಷಯದಲ್ಲಿ ಬುದ್ಧಿ ಒಂದೇ: ಹಳೆಯದನ್ನು ಕೈಬಿಡುವ ಮೊದಲು ಹೊಸದು ನಿಲ್ಲಬೇಕು.

ಜುಲೈ ತಿಂಗಳ ಮಳೆಯ ರಾತ್ರಿ ಕೆಲಸ ಶುರು ಮಾಡಿದೆ. ಡಿಸ್ಕ್ ಭಾಗ ಮಾಡಿ ಡೆಬಿಯನ್ನಿನ ಮೂಲ ಕಟ್ಟನ್ನು ಇಳಿಸಲು ಹಚ್ಚಿದ್ದಷ್ಟೇ, ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಟವರೂ ಸತ್ತಿತು. ನಮ್ಮ ಕಡೆಯವರಿಗೆ ಇದು ಹೊಸತಲ್ಲ, ಅದಕ್ಕೆ ತಯಾರಿ ಮಾಡಿಕೊಂಡೇ ಕೂತಿದ್ದೆ. ಟೀಮಕ್ಸ್ ಎಂಬ ಸಣ್ಣ ತಂತ್ರಾಂಶವಿದೆ. ಅದರೊಳಗೆ ಕೆಲಸ ಹಚ್ಚಿದರೆ ನಮ್ಮ ಸಂಪರ್ಕ ಕಡಿದರೂ ಅಲ್ಲಿ ಕೆಲಸ ನಿಲ್ಲುವುದಿಲ್ಲ. ಮುಕ್ಕಾಲು ಗಂಟೆಯ ನಂತರ ನೆಟ್‌ವರ್ಕ್ ಬಂತು. ಒಳಗೆ ಹೋಗಿ ನೋಡಿದರೆ ಎಲ್ಲ ಇಳಿದು ಮುಗಿದು ನನ್ನ ದಾರಿ ಕಾಯುತ್ತಿತ್ತು. ಹಳ್ಳಿಯಲ್ಲಿ ಕೂತು ಇಂಥ ಕೆಲಸ ಮಾಡುವವರು ಮೊದಲು ಕಲಿಯಬೇಕಾದದ್ದು ಇದನ್ನೇ.

ಕೊನೆಯ ಘಟ್ಟ ನಾಜೂಕು. ಹೊಸ ಸಿಸ್ಟಂ ತಾನಾಗಿ ಎದ್ದಾಗ ಅದಕ್ಕೆ ತನ್ನ ವಿಳಾಸ ಗೊತ್ತಿರಬೇಕು, ಹೊರಜಗತ್ತಿಗೆ ಹೋಗುವ ಬಾಗಿಲು ಗೊತ್ತಿರಬೇಕು, ನನ್ನ ಕೀಲಿಯನ್ನು ಗುರುತಿಸಬೇಕು. ರೆಸ್ಕ್ಯೂನಲ್ಲಿ ಒಂದು ಹೆಸರಿನಿಂದ ಕಾಣುವ ನೆಟ್‌ವರ್ಕ್ ಕಾರ್ಡ್ ಹೊಸ ಸಿಸ್ಟಂನಲ್ಲಿ ಬೇರೆ ಹೆಸರಿನಿಂದ ಏಳಬಹುದು. ಆ ಹೆಸರು ತಪ್ಪಿದರೆ ಯಂತ್ರ ಒಳಗೆ ಬದುಕಿರುತ್ತದೆ, ಹೊರಗೆ ಮೂಕ. ಗೆಳೆಯನೂ ನಾನೂ ಒಂದೊಂದು ಸಾಲನ್ನೂ ಎರಡು ಸಲ ಓದಿ ಹೇಳಿಕೊಂಡು ಮರುಚಾಲನೆ ಕೊಟ್ಟೆವು.

ಆಮೇಲೆ ಪಿಂಗ್. ಗದ್ದೆಯ ಆಚೆ ದಡಕ್ಕೆ "ಕೂ" ಎಂದು ಕೂಗಿ ಓಗೊಡುವುದನ್ನು ಕಾಯುತ್ತೇವಲ್ಲ, ಅದೇ. ಒಂದು ನಿಮಿಷ ಉತ್ತರವಿಲ್ಲ. ಎರಡು ನಿಮಿಷ. ಮೂರನೆಯದರಲ್ಲಿ ಓಗೊಟ್ಟಿತು. ಒಳಗೆ ಹೋಗಲು ಯತ್ನಿಸಿದರೆ ನನ್ನ ಲ್ಯಾಪ್‌ಟಾಪ್ ತಡೆಯಿತು: ಈ ಯಂತ್ರದ ಗುರುತು ಬದಲಾಗಿದೆ, ಎಚ್ಚರ! ಬದಲಾಗಲೇಬೇಕು, ಅದು ಹೊಸ ಸಿಸ್ಟಂ ತಾನೇ. ಆದರೂ ಆ ಎಚ್ಚರಿಕೆಯನ್ನು ಸುಮ್ಮನೆ ದಾಟಬಾರದು. ಮಧ್ಯೆ ಯಾರೋ ಕೂತು ವೇಷ ಹಾಕಿದರೂ ಅದೇ ಮಾತು ಬರುತ್ತದೆ. ರೆಸ್ಕ್ಯೂನಲ್ಲಿದ್ದಾಗಲೇ ಹೊಸ ಗುರುತನ್ನು ಬರೆದಿಟ್ಟುಕೊಂಡಿದ್ದೆ. ತಾಳೆ ನೋಡಿ ಒಳಗೆ ಹೋದೆ.

ಮುಟ್ಟದೆ ಇಟ್ಟ ಡಿಸ್ಕನ್ನು ಒಂದು ವಾರ ಹಾಗೇ ಬಿಟ್ಟೆವು. ಹಾಡುಗಳೆಲ್ಲ ಹೊಸದರಿಂದ ಸರಿಯಾಗಿ ಕೇಳುತ್ತಿವೆ ಎಂದು ಖಾತ್ರಿಯಾದ ಮೇಲೆ ಅದನ್ನೂ ಅಳಿಸಿ ಮತ್ತೆ ಕನ್ನಡಿ ಮಾಡಿದೆವು.

ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ರಕ್ಷಣೆ ಸಿಗುತ್ತದೆ. ಅಷ್ಟರೊಳಗೆ ಮತ್ತೊಮ್ಮೆ ಹೆಂಚು ಇಳಿಸಬೇಕು. ಆಗ ನಾನು ಎಲ್ಲಿರುತ್ತೇನೋ, ಗೆಳೆಯ ಎಲ್ಲಿರುತ್ತಾನೋ. ಅದಕ್ಕೆಂದೇ ಪ್ರತಿ ಹೆಜ್ಜೆಯನ್ನೂ ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇವೆ. ಈ ವರ್ಷ ಗುಂಪಿಗೆ ಸೇರಿದ ಇಬ್ಬರು ಹುಡುಗಿಯರು ಅದನ್ನು ಓದಲು ಒಯ್ದಿದ್ದಾರೆ.