ಕೆಮಿಸ್ಟ್ರಿ ಉಳಿಸಿಕೊಂಡ ಹುಡುಗರು

ಕಾಲೇಜಿನಲ್ಲಿ ಸೈನ್ಸ್ ಮುಚ್ಚುವಾಗ ‘ಮುಚ್ಚುತ್ತೇವೆ’ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ‘ಈ ವರ್ಷ ಅಡ್ಮಿಷನ್ ಇಲ್ಲ’ ಅನ್ನುತ್ತಾರೆ. ‘ಕಾಂಬಿನೇಶನ್ ಬದಲಾಗಿದೆ’ ಅನ್ನುತ್ತಾರೆ. ಸುದ್ದಿಗೆ ಇಷ್ಟು ಎಂದು ಕಾಸು ಎಣಿಸಿಕೊಂಡು ತಾಲ್ಲೂಕು ತಿರುಗುವ ನಮ್ಮಂಥವರಿಗೆ ಈ ಮಾತಿನ ಅರ್ಥ ಬೇಗ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲೂ ಹೀಗೇ ಹೇಳುತ್ತಾರೆ. ಅಲ್ಲಿನ ಒಂದು ಕಥೆ ಇದೆ, ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಗೊತ್ತಿರಬೇಕಾದ್ದು.

2006ರ ಮಾರ್ಚ್. ಇಂಗ್ಲೆಂಡಿನ ದಕ್ಷಿಣಕ್ಕೆ, ಸಮುದ್ರದ ಪಕ್ಕದ ಬ್ರೈಟನ್ ಊರಿನ ಹೊರಗೆ ಸಸೆಕ್ಸ್ ವಿಶ್ವವಿದ್ಯಾಲಯ. 1961ರಲ್ಲಿ ಶುರುವಾದದ್ದು. ಅಲ್ಲಿನ ಕುಲಪತಿ ಅಲಾಸ್ಡೇರ್ ಸ್ಮಿತ್ ಒಂದು ಪ್ರಸ್ತಾಪ ಮುಂದಿಟ್ಟರು. ಕೆಮಿಸ್ಟ್ರಿ ವಿಭಾಗ ಬೇಡ, ಅದರ ಬದಲು ಜೀವವಿಜ್ಞಾನಕ್ಕೆ ಹತ್ತಿರವಾದ ‘ಕೆಮಿಕಲ್ ಬಯಾಲಜಿ’ ಒಂದನ್ನು ಇಟ್ಟುಕೊಳ್ಳೋಣ ಎಂದು. ಕೇಳಲು ಚೆನ್ನಾಗಿಯೇ ಇದೆ. ಆದರೆ ಕೆಮಿಸ್ಟ್ರಿ ಡಿಗ್ರಿಗೆಂದು ಸೇರಿದ ಹುಡುಗರಿಗೆ ಅದರ ಅರ್ಥ ಬೇರೆಯೇ.

ಅದೇನು ಹೆಸರಿಲ್ಲದ ವಿಭಾಗವಾಗಿರಲಿಲ್ಲ. ಅಲ್ಲಿ ಕೆಲಸ ಮಾಡಿದ ಇಬ್ಬರಿಗೆ ಕೆಮಿಸ್ಟ್ರಿಯ ನೊಬೆಲ್ ಬಂದಿತ್ತು. ಒಬ್ಬರು ಜಾನ್ ಕಾರ್ನ್‌ಫರ್ತ್, 1975ರಲ್ಲಿ. ಯೌವನದಲ್ಲೇ ಕಿವಿ ಪೂರ್ತಿ ಕೇಳದಂತಾದವರು ಅವರು. ಇನ್ನೊಬ್ಬರು ಹ್ಯಾರಿ ಕ್ರೋಟೊ, 1996ರಲ್ಲಿ ಅಮೆರಿಕದ ಇಬ್ಬರ ಜೊತೆ. ಇಂಗಾಲದ 60 ಪರಮಾಣು ಸೇರಿ ಫುಟ್‌ಬಾಲ್ ಆಕಾರದಲ್ಲಿ ನಿಲ್ಲುವ ಕಣವನ್ನು ಕಂಡುಹಿಡಿದದ್ದಕ್ಕೆ. ಆಮೇಲೆ ಆ ಕಣದ ಮೇಲೆ ನಮ್ಮ ಸಿ.ಎನ್.ಆರ್. ರಾವ್ ಅವರೂ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದಾರೆ.

ಹಾಗಾದರೆ ಮುಚ್ಚುವ ಮಾತು ಯಾಕೆ ಬಂತು? ದುಡ್ಡು. ಹಿಸ್ಟರಿ ಹೇಳಿಕೊಡಲು ಒಂದು ಕೋಣೆ, ಬೋರ್ಡು, ಮೇಷ್ಟ್ರು ಇದ್ದರೆ ನಡೆಯುತ್ತದೆ. ಕೆಮಿಸ್ಟ್ರಿಗೆ ಲ್ಯಾಬು ಬೇಕು, ಗ್ಯಾಸ್ ಬೇಕು, ಆಸಿಡ್ ಬೇಕು, ಒಡೆದ ಬ್ಯುರೆಟ್ ಬದಲಿಗೆ ಹೊಸದು ಬೇಕು, ನೋಡಿಕೊಳ್ಳಲು ಆಳು ಬೇಕು. ಇಂಗ್ಲೆಂಡಿನ ಅನುದಾನ ಮಂಡಳಿ ಮೊದಲು, ಕೋಣೆಯಲ್ಲಿ ಕಲಿಸುವ ವಿಷಯಕ್ಕೆ ಒಬ್ಬ ವಿದ್ಯಾರ್ಥಿಗೆ 1 ಪಾಲು ಕೊಟ್ಟರೆ ಲ್ಯಾಬಿನ ವಿಷಯಕ್ಕೆ 2 ಪಾಲು ಕೊಡುತ್ತಿತ್ತು. 2004ರಲ್ಲಿ ಅದನ್ನು 1.7ಕ್ಕೆ ಇಳಿಸಿತು. ಇದರ ಜೊತೆಗೆ ಸಂಶೋಧನೆಯ ದುಡ್ಡನ್ನೂ ಶ್ರೇಣಿ ನೋಡಿ ಹಂಚುತ್ತಿದ್ದರು. ತೀರಾ ಮೇಲಿನವರಿಗೆ ಜಾಸ್ತಿ, ನಡುವಿನವರಿಗೆ ಕಡಿಮೆ. ಲೆಕ್ಕ ತೂಗದ ಕಡೆ ಒಂದೊಂದೇ ವಿಭಾಗ ಬಿದ್ದವು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಕೆಮಿಸ್ಟ್ರಿ ಹೋಯಿತು. ವೇಲ್ಸ್‌ನ ಸ್ವಾನ್‌ಸೀಯಲ್ಲೂ, ಆಮೇಲೆ ಎಕ್ಸೆಟರ್‌ನಲ್ಲೂ ಹೋಯಿತು. ಎಕ್ಸೆಟರ್ ಸುದ್ದಿ ಬಂದಾಗ ಕ್ರೋಟೊ, ಅವರು ಕೊಟ್ಟಿದ್ದ ಗೌರವ ಪದವಿಯನ್ನು ವಾಪಸು ಕೊಡುತ್ತೇನೆ ಎಂದರು.

ಮುಚ್ಚಲು ಹೊರಟವರ ಬಾಯಲ್ಲಿ ಎಲ್ಲ ಕಡೆಯೂ ಬರುವ ಮಾತು ‘ಮಕ್ಕಳು ಬರುತ್ತಿಲ್ಲ’. ಸಸೆಕ್ಸ್‌ನಲ್ಲಿ ಅದನ್ನು ಹೇಳುವ ಹಾಗಿರಲಿಲ್ಲ. ಅರ್ಜಿಗಳು ಏರುತ್ತಿದ್ದವು. ವಿದ್ಯಾರ್ಥಿಗಳು ಹಿಡಿದದ್ದು ಈ ಲೆಕ್ಕವನ್ನೇ. ಕ್ಯಾಂಪಸ್ಸಿನಲ್ಲಿ ಪ್ರತಿಭಟನೆ ಮಾಡಿದರು, ಸಂಸದರಿಗೆ ಪತ್ರ ಬರೆದರು, ಪತ್ರಿಕೆಯವರನ್ನು ಬಿಡಲಿಲ್ಲ. ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಕ್ರೋಟೊ ಅಲ್ಲಿಂದಲೇ ದನಿ ಎತ್ತಿದರು. ಪಾರ್ಲಿಮೆಂಟಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿ ಆ ತಿಂಗಳು ಮುಗಿಯುವ ಮೊದಲೇ ವಿಚಾರಣೆಗೆ ಕೂತಿತು. ಕುಲಪತಿಯನ್ನೇ ಕರೆಸಿ ಪ್ರಶ್ನೆ ಕೇಳಿತು.

ಇಲ್ಲಿ ನಿಂತು ನಮ್ಮ ಕಡೆಯದೊಂದು ಹೇಳಿಬಿಡುತ್ತೇವೆ. ಕೆಲವು ವರ್ಷದ ಹಿಂದೆ ನಾವು ಸುದ್ದಿಗೆ ಹೋಗುವ ಒಂದು ತಾಲ್ಲೂಕು ಕಾಲೇಜಿನಲ್ಲಿ, ಹೆಸರು ಬೇಡ, ಬಿ.ಎಸ್ಸಿ. ನಿಂತಿತು. ಮಕ್ಕಳು ಕಡಿಮೆ ಎಂಬುದು ಕಾರಣ. ಮಕ್ಕಳು ಯಾಕೆ ಕಡಿಮೆ? ಕಾಯಂ ಮೇಷ್ಟ್ರು ಇಲ್ಲ. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ. ಪ್ರಾಕ್ಟಿಕಲ್ ಪರೀಕ್ಷೆಗೆ ವಾರ ಇರುವಾಗ ಲ್ಯಾಬಿನ ಬಾಗಿಲು ತೆಗೆಯುತ್ತಾರೆ. ಇದನ್ನೆಲ್ಲ ನೋಡಿದ ಅಪ್ಪ ಅಮ್ಮ ಮುಂದಿನ ವರ್ಷ ತಮ್ಮ ಮಗಳನ್ನು ಅಲ್ಲಿಗೆ ಹಾಕುತ್ತಾರಾ? ಹೀಗೆ ತಾವೇ ಕಡಿಮೆ ಮಾಡಿ, ಕಡಿಮೆ ಇದೆ ಎಂದು ತಾವೇ ಮುಚ್ಚಿದರು.

ಇಪ್ಪತ್ತು ಚಿಲ್ಲರೆ ಹುಡುಗಿಯರು, ಏಳೆಂಟು ಹುಡುಗರು ಗೇಟಿನ ಮುಂದೆ ಎರಡು ದಿನ ಕೂತರು. ಎರಡನೇ ದಿನ ಸಂಜೆ ತಹಶೀಲ್ದಾರರ ಮೂಲಕ ಸರ್ಕಾರಕ್ಕೆ ಮನವಿ ಕೊಟ್ಟರು. ಮನವಿ ಕೊಡುವ ಫೋಟೊ ನಾವೇ ತೆಗೆದೆವು, ಸುದ್ದಿಯೂ ಕಳಿಸಿದೆವು, ಡೆಸ್ಕಿನಲ್ಲಿ ನಾಲ್ಕು ಸಾಲಾಗಿ ಇಳಿಯಿತು. ತಹಶೀಲ್ದಾರರ ಕೈಯಲ್ಲಿ ಬಿ.ಎಸ್ಸಿ. ಕೊಡುವ ಅಧಿಕಾರ ಇಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ನಮ್ಮಲ್ಲಿ ಪ್ರತಿಭಟನೆ ಎಂದರೆ ಅಲ್ಲಿಗೆ ಮುಗಿಯಬೇಕು ಎಂಬ ರೂಢಿ ಬಿದ್ದುಬಿಟ್ಟಿದೆ. ಒಬ್ಬ ಹುಡುಗಿಯ ತಂದೆ ಅವತ್ತು ಹೇಳಿದ್ದು ಇನ್ನೂ ನೆನಪಿದೆ: “ಇಲ್ಲಿಗೆ ಬಸ್ಸೈತೆ, ಸೈನ್ಸಿಲ್ಲ. ಜಿಲ್ಲೆಗೆ ಹೋದ್ರೆ ಸೈನ್ಸೈತೆ, ರಾತ್ರಿ ವಾಪಸ್ ಬರಾಕೆ ಬಸ್ಸಿಲ್ಲ. ಬಿ.ಎ.ಗೆ ಹಾಕ್ತೀನಿ ಬಿಡಿ ಸಾರ್.” ಹಾಕಿದರು. ಅವಳಿಗೆ ಪಿಯುಸಿ ಕೆಮಿಸ್ಟ್ರಿಯಲ್ಲಿ ತೊಂಬತ್ತರ ಮೇಲೆ ಬಂದಿತ್ತು.

ಈ ದೂರದ ಲೆಕ್ಕ ಅಲ್ಲಿಯ ಸಂಸದರಿಗೂ ಹೊಳೆದಿತ್ತು. ಮನೆಯಿಂದಲೇ ಓಡಾಡಿ ಓದುವ ಮಕ್ಕಳಿಗೆ ಹತ್ತಿರದ ವಿಭಾಗ ಮುಚ್ಚಿದರೆ ಆ ವಿಷಯವೇ ಕೈತಪ್ಪಿತು. 2005ರಲ್ಲೇ ಆ ಸಮಿತಿ ಒಂದು ವರದಿ ಕೊಟ್ಟಿತ್ತು. ಪ್ರತಿ ಪ್ರಾಂತ್ಯದಲ್ಲೂ ವಿಜ್ಞಾನ ಉಳಿಯುವ ಹಾಗೆ ವಿಶ್ವವಿದ್ಯಾಲಯಗಳು ಕೆಲಸ ಹಂಚಿಕೊಳ್ಳಲಿ, ಒಂದು ಕಡೆ ದೊಡ್ಡ ಲ್ಯಾಬು, ಸುತ್ತ ಅದಕ್ಕೆ ಸೇರಿದ ಚಿಕ್ಕವು ಇರಲಿ ಎಂದು. ನಮ್ಮ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಜಿಲ್ಲಾಸ್ಪತ್ರೆಗೂ ಇರುವ ಸಂಬಂಧ ಇದ್ದ ಹಾಗೆ.

ಸಸೆಕ್ಸ್ ಹಿಂದೆ ಸರಿಯಿತು. ಕೆಲವೇ ತಿಂಗಳಲ್ಲಿ ಕೆಮಿಸ್ಟ್ರಿಯನ್ನು ಬಯೋಕೆಮಿಸ್ಟ್ರಿ ಜೊತೆ ಸೇರಿಸಿ ಒಂದು ವಿಭಾಗವಾಗಿ ಉಳಿಸಿಕೊಳ್ಳುವ ತೀರ್ಮಾನವಾಯಿತು. ಪೂರ್ತಿ ಹಳೆಯ ರೂಪದಲ್ಲಿ ಉಳಿಯಲಿಲ್ಲ, ಆದರೆ ಡಿಗ್ರಿ ಉಳಿಯಿತು.

ಎಲ್ಲ ಕಡೆ ಹೀಗಾಯಿತು ಎಂದುಕೊಳ್ಳಬೇಡಿ. ಅದೇ 2006ರಲ್ಲಿ ರೆಡಿಂಗ್ ವಿಶ್ವವಿದ್ಯಾಲಯ ತನ್ನ ಫಿಸಿಕ್ಸ್ ಮುಚ್ಚುತ್ತೇವೆಂದಿತು. ಅಲ್ಲೂ ವಿದ್ಯಾರ್ಥಿಗಳು ಎದ್ದರು, ಕೂಗಿದರು. ಉಳಿಯಲಿಲ್ಲ. 2010ಕ್ಕೆ ಮುಗಿಯಿತು. ರೋಗ ಇನ್ನೂ ಬಿಟ್ಟಿಲ್ಲ. 2024ರಲ್ಲಿ ಹಲ್ ಎಂಬ ಊರಿನ ವಿಶ್ವವಿದ್ಯಾಲಯ ಕೆಮಿಸ್ಟ್ರಿ ನಿಲ್ಲಿಸುವುದಾಗಿ ಹೇಳಿತು. ಹಲ್ ಅಂದರೆ ಯಾವ ಊರಪ್ಪಾ ಅನ್ನಬೇಡಿ. ಕ್ಯಾಲ್ಕುಲೇಟರ್, ಕೈಗಡಿಯಾರದ ಪರದೆಗೆ ಬೇಕಾದ, ಸಾಮಾನ್ಯ ಬಿಸಿಲು ಚಳಿಗೆ ಕೆಡದ ದ್ರವ ಹರಳನ್ನು 1970ರ ದಶಕದ ಶುರುವಿನಲ್ಲಿ ಜಾರ್ಜ್ ಗ್ರೇ ಮತ್ತು ಅವರ ಜೊತೆಗಾರರು ಮಾಡಿದ್ದು ಆ ವಿಭಾಗದಲ್ಲೇ. ನಿಮ್ಮ ಕೈಯಲ್ಲಿರುವುದು ಎಲ್‌ಸಿಡಿ ಪರದೆಯ ಫೋನಾಗಿದ್ದರೆ ಅದು ಬೆಳೆದು ಬಂದದ್ದು ಆ ಕೆಲಸದಿಂದ.

ಈಗ ಅಡ್ಮಿಷನ್ ಕಾಲ. ನಿಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಬಗ್ಗೆ ಗುಸುಗುಸು ಶುರುವಾಗಿದ್ದರೆ ಗೇಟಿನ ಮುಂದೆ ಕೂರುವ ಮೊದಲು ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಕೊಡಬೇಕು. ಐದು ವರ್ಷದಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಜನ ಸೇರಿದರು ಎಂದು ಒಂದರಲ್ಲಿ ಕೇಳಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಇನ್ನೊಂದರಲ್ಲಿ. ಲ್ಯಾಬಿಗೆ ಕೊನೆಯ ಸಲ ಸಾಮಾನು ತಂದದ್ದು ಯಾವಾಗ ಎಂಬುದನ್ನೂ ಬಿಡಬೇಡಿ. ಉತ್ತರ ಬಂದ ದಿನ ನಮ್ಮಲ್ಲಿ ಯಾರಿಗಾದರೂ ಒಂದು ಫೋನ್ ಮಾಡಿ. ಈ ಸಲ ನಾಲ್ಕು ಸಾಲಿಗೆ ಇಳಿಸಲು ಇಲ್ಲಿ ಯಾವ ಡೆಸ್ಕೂ ಇಲ್ಲ.