ಕಾಲು ಸೋತ ಗಿನಿಹಂದಿಯ ಆರೈಕೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಕೂಡಿಬಂದಾಗ ಪ್ರಕೃತಿಪಾಠದ ಕೋಣೆಯನ್ನು ನೋಡದೆ ಹೋಗುವದು ಅಪರೂಪ. ಅಲ್ಲಿ ಈಗ ಯಾವ ಪ್ರಾಣಿಗಳಿವೆ ಎಂದು ವಿಚಾರಿಸುವವರೂ, ತಮ್ಮ ಕಾಲದ ಮೊಲಗಳನ್ನು ನೆನೆಯುವವರೂ ಉಂಟು. ಪರೀಕ್ಷೆಯ ಫಲಿತಾಂಶ, ಆಟದ ಪಂದ್ಯ, ಕಟ್ಟಡದ ನಿಧಿ ಇವುಗಳ ವರದಿಯು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವದರಿಂದ, ಆ ಕೋಣೆಯಲ್ಲಿ 2022ರ ಜುಲೈ ತಿಂಗಳಿಂದ 2024ರ ಫೆಬ್ರವರಿಯ ವರೆಗೆ ನಡೆದ ಒಂದು ಚಿಕ್ಕ ಸೇವೆಯ ವೃತ್ತಾಂತವನ್ನು ನಾವು ಇಲ್ಲಿ ಬರೆಯುತ್ತೇವೆ. ಇಂಥ ಪ್ರಾಣಿಯನ್ನು ತಂದುಕೊಡಿರೆಂದು ಮಕ್ಕಳು ಹಟಹಿಡಿದಿರುವ ತಾಯ್ತಂದೆಗಳಿಗೂ ಇದರಿಂದ ಪ್ರಯೋಜನವಾದೀತು.

ಗಿನಿಹಂದಿಯು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಈ ಜೀವಿಯನ್ನು ದಕ್ಷಿಣ ಅಮೇರಿಕದ ಆಂಡೀಸ್ ಪರ್ವತಸೀಮೆಯ ಜನರು ಸಾವಿರಾರು ವರ್ಷಗಳ ಹಿಂದೆ ಮಾಂಸಕ್ಕಾಗಿ ಪಳಗಿಸಿದರು. ಇದರ ಹಲ್ಲುಗಳು ಬದುಕಿರುವ ತನಕ ಬೆಳೆಯುತ್ತಲೇ ಇರುವದರಿಂದ ಹಗಲಿರುಳು ಹುಲ್ಲು ಜಗಿಯುತ್ತಿರಬೇಕು; ಒಂದು ದಿನ ಹೊಟ್ಟೆಗೆ ಏನೂ ಹೋಗದಿದ್ದರೂ ಕರುಳಿನ ಚಲನೆ ನಿಂತು ಪ್ರಾಣಾಪಾಯವಾಗುವದು. ಹೀಗಿರಲು, ಹುಲ್ಲಿನ ಬಳಿಗೆ ನಡೆಯಲಾರದ ಗಿನಿಹಂದಿಗೆ ಕಾಲುನೋವೊಂದೇ ಕಷ್ಟವಲ್ಲವೆಂದು ವಾಚಕರಿಗೆ ತಿಳಿದೀತು.

2022ರ ಜುಲೈಯಲ್ಲಿ ಪರವೂರಿಗೆ ಹೊರಟ ಒಂದು ಕುಟುಂಬದವರು ಸುಮಾರು ನಾಲ್ಕು ವರ್ಷ ಪ್ರಾಯದ ಎರಡು ಹೆಣ್ಣು ಗಿನಿಹಂದಿಗಳನ್ನು ಶಾಲೆಗೆ ಒಪ್ಪಿಸಿದರು. ಹುಡುಗಿಯರು ಕಂದುಬಣ್ಣದ್ದನ್ನು ಕಾಫಿ ಎಂದೂ, ಬಿಳಿಯದನ್ನು ಬೆಣ್ಣೆ ಎಂದೂ ಕರೆದರು. ಕಾಫಿ ಚುರುಕಾಗಿತ್ತು. ಬೆಣ್ಣೆಯಾದರೋ ಹಿಂಗಾಲುಗಳನ್ನು ಎಳೆದುಕೊಂಡು ಎರಡು ಹೆಜ್ಜೆ ಇಟ್ಟು ಕುಳಿತುಬಿಡುವದು. ಎತ್ತಿಕೊಂಡರೆ ಕೀರಲುದನಿಯಿಂದ ಕೂಗುವದು. ಮುಪ್ಪಿಗೆ ಮದ್ದಿಲ್ಲವೆಂದು ಕೆಲವರು ಅಂದರು. ಮರುದಿನ ನೋಡಿದ ಪಶುವೈದ್ಯರು ಕಾಲನ್ನು ಮುಟ್ಟುವ ಮೊದಲು, ಇದು ಏನು ತಿನ್ನುತ್ತಿತ್ತು ಎಂದು ಕೇಳಿದರು. ಬಹುಕಾಲ ಡಬ್ಬಿಯಲ್ಲಿದ್ದ ಅಂಗಡಿಯ ಒಣ ತಿನಿಸೇ ಅದರ ಮುಖ್ಯ ಆಹಾರವಾಗಿತ್ತು.

ಮನುಷ್ಯರಂತೆಯೇ ಗಿನಿಹಂದಿಯ ದೇಹವೂ ಸಿ ಜೀವಸತ್ವವನ್ನು ತಾನಾಗಿ ಉತ್ಪಾದಿಸಲಾರದು. ಅದು ಆಹಾರದಲ್ಲಿ ದೊರೆಯದಿದ್ದರೆ ಸ್ಕರ್ವಿ ರೋಗ ತಲೆದೋರಿ, ಒಸಡುಗಳಲ್ಲಿ ರಕ್ತ ಒಸರಿ, ಕೀಲುಗಳು ಊದಿ ನೋಯುವವು. 1907ರಲ್ಲಿ ನಾರ್ವೆ ದೇಶದ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಬರೇ ಧಾನ್ಯವನ್ನು ತಿಂದ ಗಿನಿಹಂದಿಗಳಲ್ಲಿ ಈ ರೋಗವನ್ನು ಕಂಡು ಪ್ರಕಟಿಸಿದ್ದು ವೈದ್ಯಶಾಸ್ತ್ರಕ್ಕೆ ದೊಡ್ಡ ಉಪಕಾರವಾಯಿತು. ಆ ಜಾತಿಯ ಸಂಕಟದಿಂದ ನಮಗೆ ದೊರೆತ ತಿಳುವಳಿಕೆಯು ಬೆಣ್ಣೆಗೆ ತಿರುಗಿ ಸಲ್ಲಬೇಕಾದ ಸಾಲವೆಂದು ಎಂಟನೆಯ ತರಗತಿಯವರಿಗೆ ಹೇಳಿದೆವು. ಆರೋಗ್ಯವುಳ್ಳ ಗಿನಿಹಂದಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ರೋಗಿಗೆ ವೈದ್ಯರು ಹೆಚ್ಚಿಸಿ ಕೊಡುವರು. ನೀರಿನಲ್ಲಿ ಬೆರಸಿಟ್ಟರೆ ಅದು ಬೇಗನೆ ಕೆಡುವದರಿಂದ ಬಾಯಿಗೇ ಕೊಡತಕ್ಕದ್ದು. ಔಷಧದ ಜೊತೆಗೆ ದೊಣ್ಣೆಮೆಣಸು, ಕೊತ್ತಂಬರಿ ಸೊಪ್ಪು, ಆಗಾಗ ಪೇರಳೆಯ ಸಣ್ಣ ಚೂರು ಇವುಗಳನ್ನು ಕೊಟ್ಟು ಮೂರು ವಾರವಾಗುವಷ್ಟರಲ್ಲಿ ಕೂಗು ನಿಂತಿತು. ಆದರೆ ಕ್ಷ-ಕಿರಣದ ಚಿತ್ರದಲ್ಲಿ ಮೊಣಕಾಲಿನ ಕೀಲುಗಳು ಸವೆದಿರುವದು ಕಂಡಿತು. ಆ ಭಾಗವು ಗುಣವಾಗುವಂಥದ್ದಲ್ಲ. ಅದನ್ನು ಹೊತ್ತುಕೊಂಡೇ ಬದುಕಬೇಕಾಗಿತ್ತು.

ಬೋರ್ಡಿಂಗಿನ ಎಂಟು ಮಂದಿ ಹುಡುಗಿಯರು ಇಬ್ಬಿಬ್ಬರಂತೆ ಸರದಿ ಹಿಡಿದರು. ತಂತಿಯ ತಳದ ಗೂಡಿನಲ್ಲಿ ಅಂಗಾಲು ಒಡೆದು ಹುಣ್ಣಾಗುವದರಿಂದ ಅದನ್ನು ತೆಗೆದುಹಾಕಿ, ಹಲಿಗೆಯ ಮೇಲೆ ಹಳೆಯ ಹತ್ತಿಬಟ್ಟೆಗಳನ್ನು ಪದರಪದರವಾಗಿ ಹಾಸಿ, ಮುಂಜಾನೆಯೂ ಸಂಜೆಯೂ ಬದಲಿಸಿದರು. ನಡೆಯಲಾರದ ಪ್ರಾಣಿಯು ತನ್ನ ಮೂತ್ರದಲ್ಲಿಯೇ ಕುಳಿತಿರುವದು. ಚರ್ಮ ಬೆಂದಂತಾಗಿ, ನೊಣ ಮೊಟ್ಟೆಯಿಟ್ಟರೆ ಹುಳು ಬೀಳುವದು. ಆದಕಾರಣ ಹಿಂಭಾಗವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ತೇವವಿಲ್ಲದಂತೆ ಒರಸತಕ್ಕದ್ದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಬೇಕು. ನೀರಿನ ಬಾಟ್ಲಿಯನ್ನು ಕುಳಿತಲ್ಲಿಗೇ ಎಟಕುವಂತೆ ತಗ್ಗಿಸಿ ಕಟ್ಟಿದರು. ನಮ್ಮ ಸೀಮೆಯ ಮಳೆಗಾಲದಲ್ಲಿ ಒಣಹುಲ್ಲಿಗೆ ಬೂಷ್ಟು ಹಿಡಿಯುವದು ಸಾಮಾನ್ಯವಾದ್ದರಿಂದ ಪ್ರತಿ ಹಿಡಿಯನ್ನೂ ಮೂಸಿನೋಡಿ ಕೊಡುವ ಕಟ್ಟಳೆಯಾಯಿತು. ತನ್ನ ಮೃದುವಾದ ಹಿಕ್ಕೆಯನ್ನು ತಿರುಗಿ ತಿನ್ನುವದು ಈ ಜಾತಿಯ ಸಹಜಧರ್ಮವೆಂದೂ ಅದರಿಂದ ಜೀವಸತ್ವಗಳು ದೊರೆಯುವವೆಂದೂ ತಿಳಿದ ಮೇಲೆ, ಮೊದಲು ಮೂಗು ಮುಚ್ಚಿಕೊಂಡವರು ಬೆಣ್ಣೆಗೆ ಬಾಗಲು ಸಾಧ್ಯವಾಗುವದೋ ಎಂದು ಕುತೂಹಲದಿಂದ ನೋಡತೊಡಗಿದರು. ತಿಂಗಳಿಗೊಮ್ಮೆ ಉಗುರು ಕತ್ತರಿಸುವದು, ಪ್ರತಿದಿನ ಅಡಿಗೆಯ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯುವದು ಇವೂ ಸರದಿಯವರ ಕೆಲಸ. ರೋಗವನ್ನು ಮರೆಮಾಡುವದು ಬೇಟೆಗೆ ಈಡಾಗುವ ಪ್ರಾಣಿಗಳ ಸ್ವಭಾವ. ತೂಕವು ಮಾತ್ರ ಮರೆಮಾಡದು.

ಅಕ್ಕರೆಯ ಹುಡುಗಿಯರು ಗರಿಕೆಯನ್ನು ಬೆಣ್ಣೆಯ ಬಾಯಿಗೇ ಹಿಡಿಯುತ್ತಿದ್ದರು. ವೈದ್ಯರು ಇದನ್ನು ಕಂಡು, ಒಂದು ಗೇಣು ದೂರದಲ್ಲಿಡಿರಿ ಎಂದರು. ಯಾಕಂದರೆ ಬಳಸದ ಸ್ನಾಯುಗಳು ಕ್ಷಯಿಸಿ, ಉಳಿದ ಶಕ್ತಿಯೂ ಹೋಗುವದು. ಒಬ್ಬ ಹುಡುಗಿಗೆ ಇದು ಕ್ರೂರವೆಂದು ತೋರಿ ಅತ್ತೇಬಿಟ್ಟಳು. ಆದರೂ ಗರಿಕೆಯನ್ನು ಗೇಣುದೂರದಲ್ಲಿಟ್ಟು ಕೈಕಟ್ಟಿ ಕುಳಿತಳು. ಬೆಣ್ಣೆ ಮೂಗನ್ನು ಅಲುಗಿಸಿ, ಮುಂಗಾಲುಗಳಿಂದ ಎಳೆದುಕೊಂಡು ಹೋಗಿ ಮುಟ್ಟಿತು. ನೋವು ಹೆಚ್ಚಿದ ದಿನ ದೂರವನ್ನು ಕಡಮೆಮಾಡುವದು, ಚೆನ್ನಾಗಿರುವ ದಿನ ಬೆರಳಗಲ ಹೆಚ್ಚಿಸುವದು ಅವಳಿಗೆ ಕ್ರಮೇಣ ತಿಳಿಯಿತು. ನಾವು ಇಪ್ಪತ್ತು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ಇದಕ್ಕಿಂತ ಕಠಿಣವಾದ ಅಳತೆಯನ್ನು ಅರಿಯೆವು. ಲೆಕ್ಕದಲ್ಲಿ ಹಿಂದುಳಿದ ಮಗುವಿನ ಪಕ್ಕದಲ್ಲಿ ಕುಳಿತವರಿಗೆಲ್ಲ ಇದು ಗೊತ್ತಿರುವದು.

ಒಂದು ಇಲಿಗೋಸ್ಕರ ಇಷ್ಟು ಹೊತ್ತು ಯಾಕೆಂದು ಕೇಳಿದ ತಂದೆಗಳೂ ಉಂಟು. ಅದನ್ನು ನೆಮ್ಮದಿಯಾಗಿ ಮಲಗಿಸಿಬಿಡುವದು ಮೇಲಲ್ಲವೇ ಎಂಬ ಮಾತೂ ಬಂತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆಗ, “ಅಮ್ಮಾ, ಅದಕ್ಕೆ ನೋವಾಯಿತೆಂದೋ, ನಮಗೆ ಬೇಸರವಾಯಿತೆಂದೋ?” ಎಂದು ನಮ್ಮನ್ನು ಕೇಳಿದಳು. ನಾವು ಕೂಡಲೇ ಉತ್ತರಕೊಡದೆ, ಪುಸ್ತಕವನ್ನು ತರಿಸಿ ಎಲ್ಲರ ಮುಂದೆ ತೆರೆದೆವು. ಬೆಣ್ಣೆ ತಾನಾಗಿ ತಿನ್ನುತ್ತಿತ್ತು, ತೂಕ 870 ಗ್ರಾಮಿನ ಆಸುಪಾಸಿನಲ್ಲಿ ನಿಂತಿತ್ತು, ಕಾಫಿಯ ಮಗ್ಗುಲಿಗೆ ಒರಗಿ ನಿದ್ರಿಸುತ್ತಿತ್ತು. ಆದ್ದರಿಂದ ಆ ಮಾತನ್ನು ಬಿಟ್ಟೆವು.

2024ರ ಫೆಬ್ರವರಿಯಲ್ಲಿ ಅದೇ ಪುಸ್ತಕವು ಬೇರೆ ಉತ್ತರವನ್ನು ಕೊಟ್ಟಿತು. ತೂಕ 640 ಗ್ರಾಮಿಗೆ ಇಳಿದಿತ್ತು. ನೋವಿನ ಔಷಧವು ಹಿಡಿಯಲಿಲ್ಲ. ತಿನಿಸನ್ನು ನೆನಸಿ ಅರೆದು ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ ಹಾಕಿದರೂ ನುಂಗಲಿಲ್ಲ. ಬೆರಳಗಲದ ದೂರಕ್ಕೂ ಅದು ಮೂಗು ನೀಡಲಿಲ್ಲ. ವೈದ್ಯರು ಸೂಜಿಮದ್ದಿನಿಂದ ಅದರ ನೋವನ್ನು ಮುಗಿಸಿದರು. ಹತ್ತಿರದಲ್ಲಿರಬೇಕೋ ಬೇಡವೋ ಎಂಬದನ್ನು ಹುಡುಗಿಯರ ಇಷ್ಟಕ್ಕೆ ಬಿಟ್ಟೆವು; ಐವರು ನಿಂತರು, ಮೂವರು ಹೊರಗೆ ಕಾದರು. ಪೇರಳೆ ಮರದ ಬುಡದಲ್ಲಿ ಹೂಳುವಾಗ ಎಂಟು ಮಂದಿಯೂ ಇದ್ದರು. ಒಂಟಿಯಾಗಿ ಬಾಳುವದು ಈ ಜಾತಿಗೆ ಹಿತವಲ್ಲದ ಕಾರಣ ಕಾಫಿಗೆ ಅದೇ ತಿಂಗಳಲ್ಲಿ ಇನ್ನೊಂದು ಜೊತೆಯನ್ನು ತಂದೆವು.

ತಾಯ್ತಂದೆಗಳಿಗೆ ನಮ್ಮ ಬಿನ್ನಹವೇನಂದರೆ: ಗಿನಿಹಂದಿಯು ಐದರಿಂದ ಎಂಟು ವರ್ಷ ಬದುಕುವದು, ತರುವದಾದರೆ ಎರಡನ್ನು ತರಬೇಕು. ಮನುಷ್ಯರಿಗೆ ಕೊಡುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಮುಂತಾದ ಔಷಧಗಳು ಇವುಗಳ ಹೊಟ್ಟೆಗೆ ಹೋದರೆ ಕರುಳನ್ನು ಕೆಡಿಸಿ ಕೊಲ್ಲಬಲ್ಲವು. ಆದ್ದರಿಂದ ಮನೆಮದ್ದಿಗೆ ಕೈಹಾಕದೆ ವೈದ್ಯರಲ್ಲಿಗೆ ಒಯ್ಯಬೇಕು. ಮುಂಜಾನೆ, ಸಂಜೆ ಎರಡು ಹೊತ್ತೂ ಬಟ್ಟೆ ಬದಲಿಸಲು ಮನೆಯಲ್ಲಿ ಜನವುಂಟೋ ಎಂದು ಎಣಿಸಿಕೊಂಡ ಮೇಲೆಯೇ ಮಗುವಿಗೆ ಮಾತು ಕೊಡಿರಿ.

ತೂಕದ ಪುಸ್ತಕವು ಪ್ರಕೃತಿಪಾಠದ ಕೋಣೆಯ ಕಪಾಟಿನಲ್ಲಿದೆ. ಹತ್ತೊಂಬತ್ತು ತಿಂಗಳುಗಳಲ್ಲಿ ಒಂದು ದಿನದ ಸಾಲೂ ಬರಿದಾಗಿ ಬಿಟ್ಟಿಲ್ಲ; ಪರೀಕ್ಷೆಯ ದಿನಗಳಲ್ಲಿಯೂ ಎಂಟು ಬಗೆಯ ಅಕ್ಷರಗಳು ಅಲ್ಲಿ ಕಾಣುತ್ತವೆ. ಹಳೆಯ ವಿದ್ಯಾರ್ಥಿನಿಯರು ಬಂದಾಗ ಅದನ್ನು ಕೇಳಿ ತೆಗೆಸಿ ನೋಡಬಹುದು.