ನಡುಮಧ್ಯಾಹ್ನದ ಓಟ

ಟ್ರಯಥ್ಲಾನ್ ಆಟದ ಕ್ರಮವೇ ಬಿಸಿಲುಸೀಮೆಯವರ ಬುದ್ಧಿಗೆ ತಿರುಗುಮುರುಗು. ನಸುಕಿನಲ್ಲಿ, ಮೈ ಹಗುರಾಗಿರುವಾಗ ಈಜು. ಹೊತ್ತೇರುತ್ತಿದ್ದಂತೆ ಸೈಕಲ್. ಸೂರ್ಯ ನೆತ್ತಿಗೆ ಬಂದು, ಕಾಲಿನ ಕಸುವು ಇಳಿದ ಮೇಲೆ ಓಟ. ಬಳ್ಳಾರಿ ಸೀಮೆಯ ನಮ್ಮೂರು ಇಟ್ಟಿಗಿ ಕಡೆ ಬೇಸಿಗೆಯಲ್ಲಿ ಯಾವ ಕೆಲಸವೂ ಹೀಗೆ ನಡೆಯುವುದಿಲ್ಲ. ಹೊಲದ ಭಾರದ ಕೆಲಸವನ್ನು ಬಿಸಿಲೇರುವ ಮೊದಲೇ ಮುಗಿಸುತ್ತಾರೆ. ಮಧ್ಯಾಹ್ನ ಬೇವಿನ ನೆರಳು, ಬುತ್ತಿ. ಮತ್ತೆ ಹೊಲಕ್ಕಿಳಿಯುವುದು ಹೊತ್ತು ವಾಲಿದ ಮೇಲೆ. ದಣಿದವನು ಕೊನೆಯಲ್ಲಿ ನೀರಿಗಿಳಿದರೆ ಮುಳುಗುವ ಅಪಾಯವಿದೆ, ಅದಕ್ಕೇ ಈಜು ಮೊದಲು. ಆ ಕಾರಣ ಸರಿಯೇ. ಆದರೆ ಅದರ ಫಲವಾಗಿ ಅತಿ ಕಷ್ಟದ ಭಾಗ ಅತಿ ಕೆಟ್ಟ ಹೊತ್ತಿಗೆ ಬಂದು ನಿಲ್ಲುತ್ತದೆ. ಏರುತಗ್ಗಿನ ದಾರಿಯಾದರಂತೂ ಕೇಳುವುದೇ ಬೇಡ. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಇದೇ ಕಾರಣಕ್ಕೆ.

ದೀರ್ಘ ದೂರದ ಟ್ರಯಥ್ಲಾನಿನ ಹುಟ್ಟೂ ಬಿಸಿಲ ನಾಡಿನಲ್ಲೇ. 1978ರ ಫೆಬ್ರವರಿ 18ರಂದು ಹವಾಯಿಯ ಒವಾಹು ದ್ವೀಪದಲ್ಲಿ 15 ಮಂದಿ ಹೊರಟರು, 12 ಮಂದಿ ಮುಗಿಸಿದರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. ಐರನ್‌ಮ್ಯಾನ್ ಎಂಬ ಹೆಸರು ಅಂದಿನಿಂದ ಬಂತು. ಮುಂದೆ ಸ್ಪರ್ಧೆ ಕೋನಾ ಊರಿಗೆ ಹೋಯಿತು, ಕಪ್ಪು ಲಾವಾ ಬಯಲಿನ ನಡುವಿನ ಹೆದ್ದಾರಿಗೆ. 1982ರ ಫೆಬ್ರವರಿಯಲ್ಲಿ ಅಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ ಎಲ್ಲ ಹೆಂಗಸರಿಗಿಂತ ಮುಂದಿದ್ದಳು. ಮುಕ್ತಾಯದ ಗೆರೆ ಕಣ್ಣೆದುರು ಕಾಣುವಾಗ ಕಾಲು ಕುಸಿಯಿತು. ಎದ್ದಳು, ಮತ್ತೆ ಬಿದ್ದಳು. ಕ್ಯಾಥ್ಲೀನ್ ಮೆಕಾರ್ಟ್ನಿ ಅವಳನ್ನು ದಾಟಿ ಗೆದ್ದಳು. ಜೂಲಿ ಅಂಬೆಗಾಲಿಟ್ಟು ತೆವಳಿ, 29 ಸೆಕೆಂಡುಗಳ ಅಂತರದಲ್ಲಿ ಗೆರೆ ಮುಟ್ಟಿದಳು. ಆ ದೃಶ್ಯವನ್ನು ನೋಡಿದವರೆಲ್ಲ ಅವಳ ಛಲವನ್ನು ಕೊಂಡಾಡುತ್ತಾರೆ. ನಾನೂ ಕೊಂಡಾಡುತ್ತೇನೆ. ಆದರೆ ನನ್ನ ಕಣ್ಣು ಅವಳ ಕಾಲಿನ ಮೇಲೇ ನಿಲ್ಲುತ್ತದೆ: ಮನಸ್ಸು ಹೇಳಿದ್ದನ್ನು ಅದು ಕೇಳುತ್ತಿಲ್ಲ.

ನಮಗೆ ಹತ್ತಿರದ್ದು ಗೋವಾದ ಅರ್ಧದೂರದ ಐರನ್‌ಮ್ಯಾನ್ ಸ್ಪರ್ಧೆ. 2019ರಲ್ಲಿ ಶುರುವಾಯಿತು. 1.9 ಕಿಲೋಮೀಟರ್ ಸಮುದ್ರದಲ್ಲಿ ಈಜು, 90 ಸೈಕಲ್, 21.1 ಓಟ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದ ಮೇಲೆ ನಮ್ಮೂರಿನ ಹೋಟೆಲಿನಲ್ಲೂ ಅದರ ಮಾತು ಬಂತು. ನಾನು ಅದಕ್ಕೆ ತಯಾರಿ ಮಾಡಿಕೊಂಡಿದ್ದು ಇಟ್ಟಿಗಿಯಲ್ಲೇ. ಈಜು ಕಲಿತದ್ದು ಸೊಂಟಕ್ಕೆ ಬೆಂಡು ಕಟ್ಟಿಸಿಕೊಂಡು ಹೊಲದ ಬಾವಿಯಲ್ಲಿ. ಬಾವಿಯಲ್ಲಿ ನಾಲ್ಕು ಕೈ ಬೀಸಿದರೆ ಗೋಡೆ. ಸಮುದ್ರದಲ್ಲಿ ಗೋಡೆಯಿಲ್ಲ, ಆಗಾಗ ತಲೆ ಎತ್ತಿ ದಿಕ್ಕು ನೋಡಿಕೊಳ್ಳಬೇಕು. ಅದೊಂದನ್ನು ಹೊಸದಾಗಿ ಕಲಿಯಬೇಕಾಯಿತು.

ಸೈಕಲ್ಲಿಗೆ ಮಾತ್ರ ನಮ್ಮ ದಾರಿಗಳಿಗಿಂತ ಒಳ್ಳೆಯ ಗುರು ಇಲ್ಲ. ಸೋಗಿ ಕಡೆಗೆ ಹೋದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅಲ್ಲಿ ಗಾಳಿ ಎದುರಿಗೆ ಸಿಕ್ಕರೆ ಸಪಾಟು ರಸ್ತೆಯೂ ಏರೇ. ನಿಜವಾದ ಏರಿನಲ್ಲಿ ಕಷ್ಟ ಇಮ್ಮಡಿ. ಸಪಾಟಿನಲ್ಲಿ ಸೈಕಲ್ಲಿನ ವೇಗವೇ ಮೈಗೆ ಗಾಳಿ ಬೀಸುತ್ತದೆ. ಏರಿನಲ್ಲಿ ವೇಗ ಸತ್ತಾಗ ಆ ಗಾಳಿಯೂ ಸಾಯುತ್ತದೆ, ತುಳಿತದ ಬಲ ಮಾತ್ರ ಹೆಚ್ಚುತ್ತದೆ. ಡಾಂಬರಿನ ಕಾವು ಮೊಣಕಾಲಿಗೆ ಬಡಿಯುತ್ತದೆ, ಹೆಲ್ಮೆಟ್ಟಿನೊಳಗಿಂದ ಬೆವರು ಇಳಿದು ಕಣ್ಣು ಉರಿಯುತ್ತದೆ. ಒಂದು ದಿನ ಅಂಥ ಏರಿನ ತುದಿಯಲ್ಲಿ, ಬೇವಿನ ಗಿಡದ ಬುಡಕ್ಕೆ ಮೇಕೆ ಬಿಟ್ಟುಕೊಂಡು ಕೂತಿದ್ದ ಅಜ್ಜಿ ನನ್ನನ್ನು ನಿಲ್ಲಿಸಿದಳು. ‘ಯಪ್ಪಾ, ಬಿಸ್ಲಿನ ಕೂಡ ಜಿದ್ದು ಹಿಡಿಬ್ಯಾಡ. ಎತ್ತು ಸುದ್ದಾ ಏರಿನಾಗ ಸಾವಕಾಶ ಹೊಕ್ಕಾವು’ ಅಂದು ತನ್ನ ಕೊಡದ ನೀರು ಕೊಟ್ಟಳು.

ತರಬೇತುದಾರರು ಹೇಳುವುದೂ ಇದನ್ನೇ, ಅಂಕಿಯಲ್ಲಿ. ದುಡಿಯುವ ಸ್ನಾಯು ಸುಡುವ ಶಕ್ತಿಯಲ್ಲಿ ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು ಚಲನೆಗೆ ಹೋಗುತ್ತದೆ; ಉಳಿದದ್ದೆಲ್ಲ ಶಾಖ. ಆ ಶಾಖವನ್ನು ಹೊರಹಾಕಲು ರಕ್ತ ಚರ್ಮಕ್ಕೆ ಹರಿಯಬೇಕು, ಅದೇ ಹೊತ್ತಿಗೆ ಕಾಲಿಗೂ ಅದೇ ರಕ್ತ ಬೇಕು. ಎರಡೂ ಕಡೆ ಸಾಲದಾದಾಗ ಎದೆ ಓಡುತ್ತದೆ, ಕಾಲು ನಿಲ್ಲುತ್ತದೆ. ಹತ್ತು ಹದಿನಾಲ್ಕು ದಿನ ಬಿಸಿಲಿನಲ್ಲಿ ಹದವಾಗಿ ದುಡಿದರೆ ಮೈ ಒಗ್ಗಿಕೊಳ್ಳುತ್ತದೆ: ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಒಡೆಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ನಮ್ಮ ಬಿಸಿಲು ಒಣ ಬಿಸಿಲು. ಇಲ್ಲಿ ಬೆವರು ಹುಟ್ಟಿದಲ್ಲೇ ಆರಿ ಮೈ ತಂಪಾಗುತ್ತದೆ. ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಬಳ್ಳಾರಿ ಬಿಸಿಲು ಉಂಡವರಿಗೆ ಗೋವಾ ಏನು ಲೆಕ್ಕ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಅಲ್ಲಿ ಲೆಕ್ಕವೇ ಬೇರೆ.

ಬೆವರಿನ ಉಪ್ಪನ್ನು ತುಂಬಿಕೊಳ್ಳುವ ಪಾಠ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಮಾಘದಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಸಾವಿರಾರು ಮಂದಿ ನಡೆದು ಬರುತ್ತಾರೆ. ದಾರಿಯ ಊರುಗಳಲ್ಲಿ ಪಾನಕ, ಉಪ್ಪು ಬೆರೆತ ಮಜ್ಜಿಗೆ, ಬೊಕ್ಕೆ ಎದ್ದ ಪಾದಕ್ಕೆ ಎಣ್ಣೆ. ಗಂಟೆಗಟ್ಟಲೆ ಬೆವರಿ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಜೀವಕ್ಕೇ ಕುತ್ತು ಬರಬಹುದೆಂದು ಕ್ರೀಡಾವೈದ್ಯರು ಎಚ್ಚರಿಸುತ್ತಾರೆ. ಮಜ್ಜಿಗೆಗೆ ಉಪ್ಪು ಹಾಕುವ ತಾಯಂದಿರು ಆ ಎಚ್ಚರವನ್ನು ಕೈಯಲ್ಲೇ ಇಟ್ಟುಕೊಂಡಿದ್ದಾರೆ. ನಡೆಯುವವರೂ ಅಷ್ಟೇ: ಬೆಳಗಿನ ಜಾವ ಹೊರಟು, ಉರಿಬಿಸಿಲಿಗೆ ತಂಗುತ್ತಾರೆ.

ಗೋವಾದ ಸ್ಪರ್ಧೆಯಲ್ಲಿ ತಂಗುವಂತಿಲ್ಲ, ಗಡುವಿದೆ. ಹಾಗಾಗಿ ತಂಗುವುದನ್ನು ದಾರಿಯುದ್ದಕ್ಕೂ ಹಂಚಿಕೊಂಡೆ. ಸೈಕಲ್ಲಿನ ಏರುಗಳಲ್ಲಿ ಸಣ್ಣ ಗೇರಿಗಿಳಿದು, ಪಕ್ಕದವರು ಎದ್ದುನಿಂತು ತುಳಿಯುತ್ತ ಮುಂದೆ ಹೋದರೂ ಕೂತೇ ಹತ್ತಿದೆ. ಓಟದಲ್ಲಿ ಪ್ರತಿ ನೀರಿನ ಮೇಜಿನ ಬಳಿ ಓಟ ಬಿಟ್ಟು ನಡೆದೆ. ಒಂದು ಲೋಟ ಬಾಯಿಗೆ, ಒಂದು ತಲೆಗೆ, ಐಸ್ ಚೂರು ಟೋಪಿಯೊಳಗೆ. ಏರಿನಲ್ಲಿ ನನ್ನನ್ನು ದಾಟಿದ್ದವರಲ್ಲಿ ಎಷ್ಟೋ ಮಂದಿ ಓಟದ ಕೊನೆಯ ಸುತ್ತಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಅವರ ಬೆನ್ನು ತಟ್ಟಿ ಮುಂದೆ ಹೋಗುವಾಗ ಗೆದ್ದೆ ಅನ್ನಿಸಲಿಲ್ಲ. ಬೆಳಿಗ್ಗೆಯಿಂದ ಉಳಿಸಿಕೊಂಡದ್ದು ಈಗ ಕೈಗೆ ಬರುತ್ತಿದೆ ಅನ್ನಿಸಿತು.

ನಮ್ಮ ಸೀಮೆಯಲ್ಲೂ ಇಂಥದೊಂದು ಸ್ಪರ್ಧೆ ನಡೆಯಲಿ ಎಂಬುದು ನನ್ನ ಆಸೆ. ಮಾಲವಿ ಜಲಾಶಯ ತುಂಬಿದ ವರ್ಷ ಅಲ್ಲಿ ಈಜು, ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿ, ಕೊಟ್ಟೂರು ಸುತ್ತಿ ಸೈಕಲ್, ಆಮೇಲೆ ಓಟ. ಬೇಸಿಗೆಯಲ್ಲಿ ಬೇಡ, ಪುಷ್ಯ ಮಾಘದಲ್ಲಿ ಆಗಲಿ. ಸೂರ್ಯ ಹುಟ್ಟುವ ಹೊತ್ತಿಗೆ ಮೊದಲಿಗರು ನೀರಿಗಿಳಿದಿರಲಿ. ಓಟದ ದಾರಿ ಸಾಲುಮರವಿದ್ದ ಕಡೆ ಸಾಗಲಿ. ಎರಡು ಕಿಲೋಮೀಟರಿಗೊಂದು ಅರವಟಿಗೆ ಇಟ್ಟು, ಪಾದಯಾತ್ರಿಗಳನ್ನು ವರ್ಷ ವರ್ಷ ಉಪಚರಿಸಿ ಪಳಗಿದ ಊರವರಿಗೇ ಅದರ ಉಸ್ತುವಾರಿ ಕೊಟ್ಟರೆ, ಕುಸಿಯುತ್ತಿರುವ ಓಟಗಾರನನ್ನು ಅವರು ದೂರದಿಂದಲೇ ಗುರುತಿಸುತ್ತಾರೆ.